ಹುಣಸೆ ತೋಪಿನಲ್ಲಿ ಇಂಗ್ಲೆಂಡಿನ ಡೈರಿ

ಬೇಸಿಗೆ ರಜೆಗೆ ಮಗಳಿಗೊಂದು ಸ್ಕೆಚ್ ಪುಸ್ತಕ ಕೊಡಿಸಿದೆ. ಮಾದರಿ ಇರಲಿ ಅಂತ ಈಡಿತ್ ಹೋಲ್ಡನ್ 1906ರಲ್ಲಿ ಬರೆದಿಟ್ಟ ಪ್ರಕೃತಿ ಟಿಪ್ಪಣಿಗಳನ್ನೂ ಕೈಗಿಟ್ಟೆ. ಆಕೆ ತೀರಿಕೊಂಡು ಐವತ್ತೇಳು ವರ್ಷವಾದ ಮೇಲೆ, 1977ರಲ್ಲಿ, ಆಕೆಯ ಕೈಬರಹದಲ್ಲೇ ಅಚ್ಚಾದ ಪುಸ್ತಕ ಅದು.

ಇಬ್ಬರೂ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪಿಗೆ ಹೋದೆವು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅನ್ನಿಸಿಕೊಂಡ ಜಾಗ. ಹೋಲ್ಡನ್ ಪುಟದಲ್ಲಿ ಏಪ್ರಿಲ್ ಅಂದ್ರೆ ಪ್ರಿಮ್‌ರೋಸ್ ಹೂವು. ಇಲ್ಲಿ ನೆತ್ತಿ ಸುಡೋ ಬಿಸಿಲು. "ಅಪ್ಪಾ, ಇದನ್ನ ನೋಡಿ ಬರೆಯೋದಾ, ಮರ ನೋಡಿ ಬರೆಯೋದಾ?" ಅಂದಳು ಮಗಳು. ಪುಸ್ತಕ ಮುಚ್ಚಿಟ್ಟೆ.

ಚಿತ್ರಗಳು ಚೆಂದವೇ, ಆಕೆ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವರು. ಆದರೆ ನಡುನಡುವೆ ಅಷ್ಟೊಂದು ಕವಿತೆ ತುರುಕಿದ್ದು ನನಗೆ ಹಿಡಿಸಲಿಲ್ಲ. ಹೂ ಕಂಡ ಕೂಡಲೇ ಕವಿಯ ಸಾಲು ನೆನಪಾದರೆ ಹೂ ಪೂರ್ತಿ ಕಂಡಿತೇ? ಆ ನಯವಾದ ಜಲವರ್ಣವೂ ನಲ್ಲೂರಿಗೆ ಸಾಲದು. ಇಲ್ಲಿ ಟೊಳ್ಳುಬಿದ್ದ, ತಿರುಚಿದ ಕಾಂಡಗಳು, ಅದರ ಮೇಲೇ ಹಸಿರು ಚಿಗುರು. ಇದಕ್ಕೆ ಇದ್ದಿಲೇ ಸರಿ.

ಆದರೂ ಆಕೆಯ ತಾರೀಖುಗಳನ್ನು ಮಾತ್ರ ಬಿಡಲಾಗದು. ಯಾವ ದಿನ ಯಾವ ಹಕ್ಕಿ, ಮಳೆಯೋ ಹಿಮವೋ, ಒಂದೆರಡು ಸಾಲು, ಅಷ್ಟೇ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಹೊಲಗಳೆಲ್ಲ ಲೇಔಟ್ ಆಗುತ್ತಿರುವ ನಮ್ಮ ಸೀಮೆಯಲ್ಲಿ ಅಂಥ ಎರಡು ಸಾಲು ಯಾರು ಬರೆದಿಟ್ಟಿದ್ದಾರೆ ಹೇಳಿ?

ಮಗಳು ಬರೆದಳು: "11 ಗಂಟೆ. ಬಿಸಿಲು. ಏಳು ಗಿಳಿ. ಹುಣಸೆ ಹೂ ಇನ್ನೂ ಇಲ್ಲ." ಮರ ಆನೆಕಾಲಿನ ಹಾಗೆ ಬಂದಿತ್ತು. ರಬ್ಬರ್ ಕೇಳಿದಳು. ಕೊಡಲಿಲ್ಲ.