ಒಂದೇ ಸರ್ವರ್, ಎರಡು ಒಲೆ

ಸರ್ವರ್ ನೋಡಿಕೊಳ್ಳುವವರ ಕಸುಬುದಾರಿಕೆ ಅಳೆಯಲು ನನ್ನ ಬಳಿ ಒಂದು ಸಣ್ಣ ಪ್ರಶ್ನೆಯಿದೆ. ಪಿಎಚ್‌ಪಿ 7.4 ಬೇಡುವ ಹಳೆಯ ತಾಣವೊಂದು, 8.3 ಬೇಡುವ ಹೊಸ ತಾಣವೊಂದು. ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸಬೇಕು, ಏನು ಮಾಡುತ್ತೀರಿ? "ಹಳೇದನ್ನ ತಿದ್ದಿಸಿಕೊಂಡು ಬನ್ನಿ ಸಾರ್" ಎನ್ನುವವರು ಬಹಳ. "ಹೊಸದನ್ನೂ 7.4ರಲ್ಲೇ ಎಳೆಯೋಣ" ಎನ್ನುವ ಧೈರ್ಯವಂತರೂ ಸಿಗುತ್ತಾರೆ. ಅಪರೂಪಕ್ಕೆ ಒಬ್ಬರು "ಹಳೇ ತಾಣ ಯಾವ ಯೂಸರ್ ಹೆಸರಲ್ಲಿ ಓಡ್ತಿದೆ?" ಎಂದು ತಿರುಗಿ ಕೇಳುತ್ತಾರೆ. ಕೆಲಸ ಒಪ್ಪಿಸಬೇಕಾದ್ದು ಅವರಿಗೆ.

ಹಳೆಯ ವರ್ಷನ್ ಉಳಿಸಿಕೊಳ್ಳುವುದೇ ಸೋಮಾರಿತನ ಎಂದು ಮೂಗು ಮುರಿಯುವವರಿದ್ದಾರೆ. ಕನ್ನಡ ತಾಣ ನಡೆಸಿದವರು ಅಷ್ಟು ಸಲೀಸಾಗಿ ಹಾಗೆನ್ನಲಾರರು. ‘ಕನ್ನಡ’ ಎಂಬ ಪದದ ಉದ್ದ ಎಷ್ಟು ಎಂದು ಪಿಎಚ್‌ಪಿಯ ಸ್ಟ್ರ್‌ಲೆನ್ ಫಂಕ್ಷನ್ನನ್ನು ಕೇಳಿ ನೋಡಿ, 15 ಎನ್ನುತ್ತದೆ. ಅದು ಎಣಿಸುವುದು ಬೈಟುಗಳನ್ನು. ಕ, ನ, ಹಲಂತ, ನ, ಡ ಸೇರಿ ಐದು ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟು. ಇದನ್ನು ಬುಡದಿಂದ ಸರಿಪಡಿಸಲೆಂದೇ ಹೊರಟಿದ್ದ ಪಿಎಚ್‌ಪಿ 6 ಹೊರಬರಲೇ ಇಲ್ಲ. 2010ರಲ್ಲಿ ಆ ಪ್ರಯತ್ನ ಕೈಬಿಟ್ಟರು, 5ರ ನಂತರ 2015ರ ಡಿಸೆಂಬರಿನಲ್ಲಿ ನೇರ 7 ಬಂತು. ನಡುವೆ ನಮ್ಮವರು ಹಿಡಿದದ್ದು ಅಡ್ಡದಾರಿ: ಪಿಎಚ್‌ಪಿಯ ಐಎನ್‌ಐ ಫೈಲಿನಲ್ಲಿ ಎಂಬಿಸ್ಟ್ರಿಂಗ್‌ನ ‘ಫಂಕ್ ಓವರ್‌ಲೋಡ್’ ಎಂಬ ಸಾಲು ಹಾಕಿದರೆ ಅದೇ ಸ್ಟ್ರ್‌ಲೆನ್ ಸದ್ದಿಲ್ಲದೆ ಐದು ಎನ್ನುತ್ತಿತ್ತು. 8.0ರಲ್ಲಿ ಆ ಸೌಲಭ್ಯವನ್ನೇ ತೆಗೆದುಹಾಕಿದರು. ಅದನ್ನು ನಂಬಿದ ತಾಣವನ್ನು ಹಾಗೇ ಎತ್ತಿ 8ಕ್ಕೆ ಹಾಕಿದರೆ ಪುಟವೇನೂ ಬೀಳುವುದಿಲ್ಲ. ಆದರೆ ಅರವತ್ತು ಸಂಕೇತಕ್ಕೆ ಕತ್ತರಿಸಬೇಕಿದ್ದ ಶೀರ್ಷಿಕೆ ಇಪ್ಪತ್ತು ಚಿಲ್ಲರೆಗೇ ತುಂಡಾಗಿ, ತುದಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರ ಕೂರುತ್ತದೆ. ಇಂಥದ್ದನ್ನೆಲ್ಲ ಹುಡುಕಿ ತಿದ್ದಲು ಸಮಯ ಬೇಕು. ಆ ಸಮಯ ಕೊಡಿಸುವುದೇ ಎರಡು ವರ್ಷನ್ನುಗಳನ್ನು ಅಕ್ಕಪಕ್ಕ ಓಡಿಸುವ ವಿದ್ಯೆ.

ಹಿಂದೆ ಇದು ಕಷ್ಟವಿತ್ತು. ಪಿಎಚ್‌ಪಿಯನ್ನು ಅಪಾಚೆಯ ಮಾಡ್ಯೂಲಾಗಿ, ಅದರ ಹೊಟ್ಟೆಯೊಳಗೇ ಓಡಿಸುವ ಕಾಲ ಅದು. ಒಂದು ಅಪಾಚೆಗೆ ಒಂದೇ ಪಿಎಚ್‌ಪಿ. ಹೋಸ್ಟಿಂಗ್‌ನವರು 4ನ್ನು ಮಾಡ್ಯೂಲಾಗಿ ಇಟ್ಟು, 5ನ್ನು ಸಿಜಿಐ ಮೂಲಕ ಕೊಟ್ಟು, ಫೈಲ್ ಹೆಸರಿನ ಕೊನೆಗೆ ‘ಪಿಎಚ್‌ಪಿ5’ ಅಂತ ಬರೆಯಿರಿ ಎನ್ನುತ್ತಿದ್ದರು. 2004ರಲ್ಲೇ ಬಂದ 5ಕ್ಕೆ ಜನ ಹೋಗಲೇ ಇಲ್ಲ. ತಾಣಗಳು ಬೇಡುವುದಿಲ್ಲವೆಂದು ಹೋಸ್ಟಿಂಗ್‌ನವರು ಕೊಡಲಿಲ್ಲ, ಹೋಸ್ಟಿಂಗ್‌ನವರು ಕೊಡುವುದಿಲ್ಲವೆಂದು ತಂತ್ರಾಂಶದವರು ಬೇಡಲಿಲ್ಲ. ಕೊನೆಗೆ ಡ್ರುಪಾಲ್ ಮೊದಲಾದ ಯೋಜನೆಗಳವರು ‘ಗೋಪಿಎಚ್‌ಪಿ5’ ಎಂಬ ಹೆಸರಲ್ಲಿ ಒಗ್ಗೂಡಿ, 2008ರ ಫೆಬ್ರವರಿ 5ರ ನಂತರದ ಹೊಸ ಬಿಡುಗಡೆಗಳಲ್ಲಿ 4ರ ಹಂಗು ಬಿಡುತ್ತೇವೆ ಎಂದು ಸಾರಬೇಕಾಯಿತು.

ಗಂಟು ಬಿಡಿಸಿದ್ದು ಎಫ್‌ಪಿಎಂ. ಆಂದ್ರೇ ನಿಗ್ಮತುಲ್ಲಿನ್ ಹೊರಗಿನಿಂದ ಕಟ್ಟಿದ ಈ ವ್ಯವಸ್ಥೆ 2010ರಲ್ಲಿ 5.3.3ರ ಜೊತೆ ಮೂಲ ಪಿಎಚ್‌ಪಿಯೊಳಗೆ ಸೇರಿತು. ಇಲ್ಲಿ ಪಿಎಚ್‌ಪಿ ವೆಬ್ ಸರ್ವರಿನಿಂದ ಬೇರೆಯಾಗಿ, ತನ್ನದೇ ಪ್ರೋಸೆಸ್ಸಾಗಿ ನಿಲ್ಲುತ್ತದೆ. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ. ಬಾಗಿಲು ಒಂದೇ, ಅಡುಗೆ ಬೇರೆ ಬೇರೆ. 7.4ಕ್ಕೊಂದು ಸಾಕೆಟ್, 8.3ಕ್ಕೊಂದು ಸಾಕೆಟ್. ಹಳೆ ತಾಣದ ವಿನಂತಿ ಬಂದರೆ ವೆಬ್ ಸರ್ವರಾದ ಎಂಜಿನ್‌ಎಕ್ಸ್ ಮೊದಲನೆಯದಕ್ಕೆ ದಾಟಿಸುತ್ತದೆ, ಹೊಸದರದ್ದನ್ನು ಎರಡನೆಯದಕ್ಕೆ. ಸಂರಚನೆಯಲ್ಲಿ ಬದಲಾಗುವುದು ‘ಫಾಸ್ಟ್‌ಸಿಜಿಐ ಪಾಸ್’ ಎಂಬ ಒಂದು ಸಾಲು, ಅಷ್ಟೆ. ಉಬುಂಟು, ಡೆಬಿಯನ್ ಬಳಸುವವರು ಒಂದೇ ಯಂತ್ರದಲ್ಲಿ ಹಲವು ವರ್ಷನ್ನುಗಳನ್ನು ಜಗಳವಿಲ್ಲದೆ ಇಡಲು ಸಾಧ್ಯವಾಗಿರುವುದು ಒಂಡ್ರೇ ಸುರಿ ಎಂಬ ಡೆಬಿಯನ್ ಡೆವಲಪರ್ ಸಿದ್ಧಪಡಿಸುವ ಪ್ಯಾಕೇಜುಗಳಿಂದ. ಆ ಮನುಷ್ಯನಿಗೆ ನಾವೆಲ್ಲ ಒಂದೊಂದು ಕಾಫಿ ಬಾಕಿ ಇದ್ದೇವೆ.

ಇನ್ನು ರುಚಿಯ ವಿಷಯ. ಹಳೆಯದಕ್ಕೂ ಹೊಸದಕ್ಕೂ ಒಂದೇ ಯೂಸರ್ ಕೊಟ್ಟ ಸರ್ವರನ್ನು ನಾನು ಅರೆಬೆಂದದ್ದು ಎನ್ನುತ್ತೇನೆ. ಎಫ್‌ಪಿಎಂನ ಪೂಲ್ ಫೈಲಿನ ಯೂಸರ್ ಸಾಲಿನಲ್ಲಿ ಹಳೆ ತಾಣಕ್ಕೆ ಪ್ರತ್ಯೇಕ ಹೆಸರು ಬೇಕು. ಅದರ ಮೂಲಕ ಕಳ್ಳ ನುಗ್ಗಿದರೂ ಪಕ್ಕದ ತಾಣದ ಪಾಸ್‌ವರ್ಡ್ ಫೈಲ್ ಓದಲಾಗಬಾರದು. ದಿನಕ್ಕೆ ಹತ್ತು ಜನ ಬರುವ ತಾಣವಾದರೆ ಪ್ರೋಸೆಸ್ ಮ್ಯಾನೇಜರನ್ನು ‘ಆನ್‌ಡಿಮಾಂಡ್’ಗೆ ಇಡಿ, ಯಾರೂ ಬಾರದಾಗ ಮೆಮೊರಿ ತಿನ್ನುವುದಿಲ್ಲ. ಎಂಜಿನ್‌ಎಕ್ಸ್ ಬದಲು ಅಪಾಚೆಯನ್ನೇ ಇಟ್ಟುಕೊಂಡು, ಅದರ ಎಚ್‌ಟಿಆಕ್ಸೆಸ್ ಫೈಲಿನಲ್ಲಿ ‘ಪಿಎಚ್‌ಪಿ ವ್ಯಾಲ್ಯೂ’ ಸಾಲುಗಳು ಉಳಿದಿದ್ದರೆ, ಮಾಡ್ಯೂಲ್ ತೆಗೆದ ದಿನ ಅಪಾಚೆ ಅವನ್ನು ಗುರುತಿಸದೆ 500 ಎರರ್ ಕೊಡುತ್ತದೆ. ಅವು ‘ಯೂಸರ್ ಐಎನ್‌ಐ’ ಫೈಲಿಗೆ ಹೋಗಬೇಕು. ಅದನ್ನು ಪಿಎಚ್‌ಪಿ ಐದು ನಿಮಿಷಕ್ಕೊಮ್ಮೆ ಮಾತ್ರ ಮತ್ತೆ ಓದುತ್ತದೆ, ಆದ್ದರಿಂದ ಬದಲಾವಣೆ ತಕ್ಷಣ ಕಾಣಲಿಲ್ಲ ಎಂದು ಗಾಬರಿಬಿದ್ದು ಇನ್ನೊಂದು ಕಡೆ ಕೈಹಾಕಬೇಡಿ.

ಬಹುಮಂದಿ ಮುಗ್ಗರಿಸುವುದು ಕಮಾಂಡ್ ಲೈನಿನಲ್ಲಿ. ವೆಬ್ಬಿಗೆ 7.4 ಕೊಟ್ಟಿರುತ್ತಾರೆ, ಟರ್ಮಿನಲ್ಲಿನಲ್ಲಿ ಬರಿದೇ ‘ಪಿಎಚ್‌ಪಿ’ ಎಂದರೆ ಏಳುವುದು 8.3. ಕಂಪೋಸರ್ ತನ್ನನ್ನು ಓಡಿಸಿದ ವರ್ಷನ್ ನೋಡಿ ಲೈಬ್ರರಿ ಆರಿಸುತ್ತದೆ, ಆ ಲೈಬ್ರರಿ ವೆಬ್ಬಿನ 7.4ರಲ್ಲಿ ಓಡದು. ಹೊತ್ತಿಗೆ ಸರಿಯಾಗಿ ತಾವಾಗಿಯೇ ಓಡುವ ಕ್ರಾನ್ ಕೆಲಸಗಳಿಗೂ ಇದೇ ಗತಿ. ಪ್ರತಿ ಸಾಲಿನಲ್ಲೂ ವರ್ಷನ್ ಸಮೇತ ಪೂರ್ತಿ ಹೆಸರು ಬರೆಯುವುದು ಒಳ್ಳೆಯದು. ಮೈಎಸ್‌ಕ್ಯುಎಲ್, ಎಂಬಿಸ್ಟ್ರಿಂಗ್‌ನಂಥ ಎಕ್ಸ್‌ಟೆನ್ಷನ್‌ಗಳನ್ನು ಪ್ರತಿ ವರ್ಷನ್ನಿಗೂ ಬೇರೆಯಾಗಿ ಹಾಕಬೇಕೆಂಬುದು ಗೊತ್ತಿರುವ ಮಾತು, ಆದರೂ ಮರೆಯುತ್ತದೆ.

ಈ ಜೋಡಿ ಓಟದ ದೊಡ್ಡ ಪ್ರದರ್ಶನವನ್ನು ನಮಗೆ ಅರಿವಿಲ್ಲದೆಯೇ ನಾವು ನೋಡಿದ್ದೇವೆ. ಕನ್ನಡವೂ ಸೇರಿದಂತೆ ಎಲ್ಲ ವಿಕಿಪೀಡಿಯಗಳು ನಿಂತಿರುವ ಮೀಡಿಯಾವಿಕಿ ಬರೆದದ್ದು ಪಿಎಚ್‌ಪಿಯಲ್ಲಿ. 2014ರಿಂದ ಅದು ಫೇಸ್‌ಬುಕ್ ರೂಪಿಸಿದ ಎಚ್‌ಎಚ್‌ವಿಎಂ ಮೇಲೆ ಓಡುತ್ತಿತ್ತು. ಎಚ್‌ಎಚ್‌ವಿಎಂ ಪಿಎಚ್‌ಪಿಯ ಕೈಬಿಡುವುದೆಂದು ಗೊತ್ತಾದ ಮೇಲೆ ವಿಕಿಮೀಡಿಯ 2019ರಲ್ಲಿ ಪಿಎಚ್‌ಪಿ 7ಕ್ಕೆ ಸರಿಯಿತು, ಅದೂ ಒಂದೇ ರಾತ್ರಿಯಲ್ಲಲ್ಲ. ಎರಡೂ ಒಟ್ಟಿಗೆ ಓಡುತ್ತಿದ್ದವು. ಬ್ರೌಸರಿನ ಕುಕಿಯಲ್ಲಿ ಗುರುತು ಇದ್ದವರಿಗೆ 7, ಉಳಿದವರಿಗೆ ಹಳೆಯದು. ಮೊದಲು ಬಯಸಿ ಬಂದ ಬಳಕೆದಾರರು, ಆಮೇಲೆ ಸ್ವಲ್ಪ ಸ್ವಲ್ಪವೇ ಸಾಮಾನ್ಯ ಓದುಗರು, ಹೀಗೆ ಮಂದಿಯನ್ನು ದಾಟಿಸಿದರು. ಪುಟ ತೆರೆದವರಿಗೆ ಹಿಂದೆ ಯಾವುದು ಓಡುತ್ತಿದೆಯೆಂಬ ಸುಳಿವೂ ಇರಲಿಲ್ಲ.

7.4ಕ್ಕೆ ಮೂಲ ತಂಡದ ಭದ್ರತಾ ತಿದ್ದುಪಡಿ ನಿಂತದ್ದು 2022ರ ನವೆಂಬರ್ 28ಕ್ಕೆ. ಹಾಗಾಗಿ ಹಳೆಯ ಒಲೆ ಹೂಡುವ ದಿನವೇ ಅದನ್ನು ಆರಿಸುವ ದಿನಾಂಕವನ್ನೂ ಬರೆದಿಡಿ. ಆರಿಸುವ ಮುನ್ನ ಹಳೆ ಪೂಲಿನ ಲಾಗ್ ವಾರವಿಡೀ ಖಾಲಿಯಿತ್ತೆಂದು ನೆಚ್ಚಿಕೊಳ್ಳಬೇಡಿ, ಅದರಲ್ಲಿ ಕ್ರಾನ್ ಕಾಣುವುದೇ ಇಲ್ಲ. ಕ್ರಾನ್ ಪಟ್ಟಿಯನ್ನೂ ತೆಗೆದು ನೋಡಿ. ಏಪ್ರಿಲ್ ಒಂದಕ್ಕೆ ರಸೀದಿ ಸಂಖ್ಯೆಯನ್ನು ಹೊಸದಾಗಿ ಶುರುಮಾಡುವಂಥ, ವರ್ಷಕ್ಕೊಮ್ಮೆ ಏಳುವ ಕೆಲಸವೊಂದು ಅಲ್ಲೇ ಮಲಗಿರಬಹುದು.