ಕೊಯ್ದ ಬುಡದ ಹೊಳಪು

ಮುದಿಯಾದ ರೊಬಸ್ಟಾ ಕಾಫಿ ಗಿಡವನ್ನು ಹೊಸದಾಗಿ ಚಿಗುರಲೆಂದು ನೆಲದಿಂದ ಒಂದಡಿ ಮೇಲೆ ಓರೆಯಾಗಿ ಕೊಯ್ದಾಗ ಒಂದು ಮೈ ತೆರೆದುಕೊಳ್ಳುತ್ತದೆ. ತೊಗಟೆಯ ಒಳಗೆ ಕೂದಲೆಳೆಯಷ್ಟು ತೆಳುವಾದ ಹಸಿರು ಬಳೆ, ಅದರೊಳಗೆ ಬೆಣ್ಣೆ ಬಣ್ಣದ ಮರ, ನಟ್ಟನಡುವೆ ಚಿಟಿಕೆಯಷ್ಟು ತಿರುಳು. ಸರಿಯಾದ ಬ್ಲೇಡು ಹಾದುಹೋಗಿದ್ದರೆ ಆ ಮೈ ತೊಳೆದ ಕಲ್ಲಿನಂತೆ ಮಿನುಗುತ್ತದೆ. ವರ್ಷವೂ ಕಾಫಿ ಕೊಯ್ಲು ಮುಗಿಯುವುದನ್ನೇ ಕಾದು ನಾನು ಗರಗಸ ಕೈಗೆತ್ತಿಕೊಳ್ಳುವುದು ಇದನ್ನು ನೋಡುವ ಆಸೆಗೂ ಹೌದು.

ನಮ್ಮದು ಕಲ್ಪೆಟ್ಟದ ಹತ್ತಿರ, ಪುಳಿಯಾರ್‌ಮಲದ ಅನಂತನಾಥ ಬಸದಿಗೆ ನಡೆದು ಹೋಗುವಷ್ಟು ದೂರದ ಸಣ್ಣ ತೋಟ. ಮನೆಯಲ್ಲಿ ಕನ್ನಡ, ಗೇಟು ದಾಟಿದರೆ ಮಲಯಾಳ. ಗರಗಸಕ್ಕೆ ಅಲ್ಲಿ ಈರ್ಚವಾಳ್ ಎನ್ನುತ್ತಾರೆ. ವಾಳ್ ಎಂದರೆ ಕತ್ತಿ, ಹಳಗನ್ನಡದ ಬಾಳ್ ಅದರ ಒಡಹುಟ್ಟು. ನಮ್ಮ ಗರಗಸವೋ ಸಂಸ್ಕೃತದ ಕ್ರಕಚ ಸವೆದು ಸವೆದು ಆದದ್ದು; ಆದರೂ ಮರದ ಮೇಲೆ ಹಲ್ಲು ಓಡಾಡುವ ಸದ್ದನ್ನೇ ಕೇಳಿ ಯಾರೋ ಹೆಸರಿಟ್ಟ ಹಾಗಿದೆ.

ನನ್ನ ಕೈಯಲ್ಲಿರುವುದು ಬ್ಯಾಟರಿಯ ರೆಸಿಪ್ರೊಕೇಟಿಂಗ್ ಸಾ. 1951ರಲ್ಲಿ ಅಮೆರಿಕದ ಮಿಲ್ವಾಕಿ ಕಂಪನಿ ಸಾಝಾಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಜಾತಿಯದು. ಒಳಗೆ ಮೋಟಾರು ತಿರುಗುತ್ತದೆ, ಹೊರಗೆ ಬ್ಲೇಡು ಮುಂದೆ ಹಿಂದೆ ಓಡುತ್ತದೆ. ಒಂದು ಎಳೆತಕ್ಕೆ ಸುಮಾರು 28 ಮಿಲಿಮೀಟರ್, ನಿಮಿಷಕ್ಕೆ ಎರಡೂವರೆ ಮೂರು ಸಾವಿರ ಎಳೆತ. ಚೈನ್ ಸಾ ಇದಕ್ಕಿಂತ ವೇಗದ್ದು, ದೊಡ್ಡ ಸಿಲ್ವರ್ ಓಕ್ ಉರುಳಿಸಲು ಅದೇ ಬೇಕು. ಆದರೆ ಒಂದೇ ಬುಡದಿಂದ ಮೂರು ನಾಲ್ಕು ಕಾಂಡ ಎದ್ದ ರೊಬಸ್ಟಾದ ಸಂದಿಯಲ್ಲಿ ಅದಕ್ಕೆ ಜಾಗ ಸಾಲದು. ಅಲ್ಲಿಗೆ ಬೆರಳಿನಂತೆ ನುಗ್ಗುವುದು ಈ ಉದ್ದನೆಯ ತೆಳು ಬ್ಲೇಡು.

ಇದರ ಹಲ್ಲುಗಳು ಯಂತ್ರದ ಕಡೆಗೇ ವಾಲಿವೆ. ದೂಡುವಾಗ ಅಲ್ಲ, ಎಳೆಯುವಾಗ ಕೊಯ್ಯುತ್ತದೆ. ಹಾಗಾಗಿ ಮುಂದಿನ ಲೋಹದ ಪಾದವನ್ನು ಕಾಂಡಕ್ಕೆ ಒತ್ತಿ ಹಿಡಿಯಲೇಬೇಕು. ಒತ್ತಿ ಹಿಡಿದರೆ ಎಳೆತದ ಬಲವೆಲ್ಲ ಮರಕ್ಕೆ ಇಳಿದು ಗರಗಸ ಶಾಂತವಾಗಿ ಕೂರುತ್ತದೆ. ಪಾದ ಒಂದು ಬೆರಳು ಹಿಂದೆ ಸರಿದರೂ ಕೊಯ್ಯುವ ಬದಲು ಗಿಡವನ್ನೂ ನಮ್ಮ ಮೊಣಕೈಯನ್ನೂ ಸೇರಿಸಿ ಅಲುಗಿಸುತ್ತದೆ. ಅಪ್ಪ ಎರಡಾಳು ಗರಗಸ ಹಿಡಿದಿದ್ದವರು. ಎಳೆಯುವುದಷ್ಟೇ ನಿನ್ನ ಕೆಲಸ, ದೂಡಬೇಡ ಎಂದು ಎದುರಿಗೆ ನಿಂತವನಿಗೆ ಹೇಳುತ್ತಿದ್ದರು. ಎದುರಾಳಿಯಿಲ್ಲದ ಈ ಯಂತ್ರವೂ ಅದೇ ಪಾಠ ಹೇಳುತ್ತದೆ.

ಇನ್ನು ಬ್ಲೇಡು, ನನ್ನ ಪ್ರೀತಿಯೆಲ್ಲ ಅಲ್ಲೇ. ಹಸಿ ಮರಕ್ಕೆ ಇಂಚಿಗೆ 5 ಹಲ್ಲಿನದು. ಹಲ್ಲು ದೊಡ್ಡದು, ಎರಡು ಹಲ್ಲುಗಳ ನಡುವಿನ ಗುಂಡಿ ಆಳ. ಹಸಿ ಮರದ ಪುಡಿ ಒದ್ದೆ ಅವಲಕ್ಕಿಯ ಹಾಗೆ; ಹೊತ್ತು ಹೊರಹಾಕಲು ಗುಂಡಿ ಇಲ್ಲದಿದ್ದರೆ ಅಲ್ಲೇ ಮೆತ್ತಿಕೊಂಡು ಬ್ಲೇಡು ಬರೀ ಉಜ್ಜುತ್ತದೆ. ಮೊಳೆ ಅಡಗಿರಬಹುದಾದ ಹಳೆಯ ಪಕ್ಕಾಸಿಗೆ 8ರಿಂದ 10, ಕಬ್ಬಿಣದ ಪೈಪಿಗೆ 18, ತೆಳು ತಗಡಿಗೆ 24. ಲೋಹ ಎಷ್ಟೇ ತೆಳುವಾಗಿರಲಿ, ಒಮ್ಮೆಗೆ ಮೂರು ಹಲ್ಲಾದರೂ ಅದರ ಮೇಲೆ ಕೂತಿರಬೇಕು. ಇಲ್ಲವಾದರೆ ಅಂಚು ಹಲ್ಲುಗಳ ನಡುವೆ ಸಿಕ್ಕಿ ಹಲ್ಲೇ ಹಾರುತ್ತದೆ. ಉದ್ದದ ವಿಷಯದಲ್ಲಿ ಜಿಪುಣತನ ಬೇಡ. ಬ್ಲೇಡಿನ ತುದಿ ಸದಾ ಕಾಂಡದ ಆಚೆಗೆ ಇಣುಕುತ್ತಿರಬೇಕು, ಇಲ್ಲದಿದ್ದರೆ ತುದಿ ಮರಕ್ಕೆ ಗುದ್ದಿ ಬಾಗುತ್ತದೆ. ಕಾಫಿಗೆ 9 ಇಂಚಿನದು ಧಾರಾಳ.

ಒಳ್ಳೆಯ ಬ್ಲೇಡನ್ನು ಬಿಸಿಲಿಗೆ ಹಿಡಿದು ನೋಡಿ. ಹಲ್ಲಿನ ಸಾಲಿಗೆ ಸ್ವಲ್ಪ ಕೆಳಗೆ, ಉದ್ದಕ್ಕೂ ಒಂದು ನವಿರು ಗೆರೆ ಕಾಣುತ್ತದೆ. ಸ್ಪ್ರಿಂಗಿನಂತೆ ಬಳುಕುವ ಉಕ್ಕಿನ ಮೈಗೆ ಗಡಸು ಉಕ್ಕಿನ ಅಂಚನ್ನು ಬೆಸೆದ ಗುರುತು ಅದು. ಬೈಮೆಟಲ್ ಅನ್ನುವುದು ಇದಕ್ಕೇ. ಮೈ ಬಾಗಿದರೂ ಮುರಿಯದು, ಹಲ್ಲು ಬಿಸಿಯಾದರೂ ಮೆತ್ತಗಾಗದು. ಅಪ್ಪನ ಮೂರುಮೂಲೆ ಅರ ಈ ಹಲ್ಲಿಗೆ ಹತ್ತುವುದೇ ಇಲ್ಲ, ಜಾರುತ್ತದೆ. ಸಂಜೆ ಜಗಲಿಯಲ್ಲಿ ಕೂತು ಒಂದೊಂದೇ ಹಲ್ಲಿಗೆ ಅರ ಹಾಕುವ ಆ ಸದ್ದು ನಮ್ಮ ಮನೆಯಲ್ಲಿ ನಿಂತುಹೋದದ್ದಕ್ಕೆ ನನಗೆ ಈಗಲೂ ಬೇಸರವಿದೆ.

ಒಂದು ವರ್ಷ ಮರದ ಬ್ಲೇಡು ಮುಗಿದಿತ್ತು. ಪೈಪು ಕೊಯ್ಯುವ ಸಣ್ಣ ಹಲ್ಲಿನದನ್ನೇ ಹಾಕಿ ಐದಾರು ಗಿಡ ಕೊಯ್ದೆ. ಹೊಗೆ ಎದ್ದಿತು, ಕೊಯ್ದ ಮೈ ಕಂದಿತು, ತೊಗಟೆ ಒಂದು ಬದಿ ಸೀಳಿ ಇಳಿಯಿತು. ಎರಡು ತಿಂಗಳ ಮೇಲೆ ನೋಡಿದರೆ ಸೀಳಿದ ಬದಿಯಲ್ಲಿ ಚಿಗುರಿಲ್ಲ, ಒಣಗಿದ ಚೆಕ್ಕೆ ಮಾತ್ರ. ಗಿಡಕ್ಕೆ ನಾನು ಮಾಡಿದ ಆ ಗಾಯ ಮರೆತಿಲ್ಲ. ಅಂದಿನಿಂದ ಮೊದಲು ಬೀಳುವ ಬದಿಯಲ್ಲಿ ಅರ್ಧ ಇಂಚು ಕಚ್ಚು ಹಾಕಿ, ಆಮೇಲೆ ಎದುರಿನಿಂದ ಕೊಯ್ಯುತ್ತೇನೆ. ತೊಗಟೆ ಎಳೆದುಕೊಂಡು ಹೋಗುವುದಿಲ್ಲ. ಕೊಯ್ದ ಮೈಗೆ ಅವತ್ತೇ ಬೋರ್ಡೊ ಪೇಸ್ಟು.

ಕೆಲಸ ಮುಗಿದ ಮೇಲಿನ ಅರ್ಧ ಗಂಟೆಯೂ ನನಗೆ ಇಷ್ಟ. ಮೊದಲು ಬ್ಯಾಟರಿ ಕಳಚುವುದು. ಬ್ಲೇಡು ಸುಡುತ್ತಿರುತ್ತದೆ, ಆರಲು ಬಿಡುವುದು. ಬ್ಲೇಡು ಹಿಡಿಯುವ ಬಾಯಲ್ಲಿ ಹಸಿ ಪುಡಿ ರಸದೊಂದಿಗೆ ಅಂಟಾಗಿ ಕೂತಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೆದಕಿ, ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ. ಹಲಸಿನ ಕೊಂಬೆ ಕೊಯ್ದ ದಿನ ಮೇಣ ಬಿಡಿಸಲು ತೆಂಗಿನೆಣ್ಣೆ, ಆಮೇಲೆ ಸೀಮೆಎಣ್ಣೆಯ ಬಟ್ಟೆ. ಜೂನ್ ಹಿಡಿದರೆ ಇಲ್ಲಿ ಗೋಡೆಯೂ ಬೆವರುತ್ತದೆ, ಒರೆಸದ ಬ್ಲೇಡು ಮೂರೇ ದಿನಕ್ಕೆ ತುಕ್ಕು.

ಕೊಯ್ದ ಬುಡ ಚಿಗುರುವುದು ಎಲ್ಲ ಕಡೆಯೂ ಒಳ್ಳೆಯದಲ್ಲ. ನಮ್ಮ ಜಿಲ್ಲೆಯದೇ ಆದ ಮುತ್ತಙ್ಙದ ಕಾಡಿನಲ್ಲಿ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಹಬ್ಬಿ ಬೇರೆ ಗಿಡಗಳಿಗೆ ಎಡೆ ಕೊಡುತ್ತಿಲ್ಲ. ಅದನ್ನು ಕೊಯ್ದರೆ ಒಂದಕ್ಕೆ ಹತ್ತು ಚಿಗುರು. ಬುಡದವರೆಗೆ ತೊಗಟೆ ಸುಲಿದು ಒಣಗಿಸಬೇಕು. ಅಲ್ಲಿ ಶಾಪವಾದ ಗುಣವೇ ನಮ್ಮ ಕಾಫಿಗೆ ವರ.

ಈ ಸಲ ಕೊನೆಯ ಗಿಡ ಕೊಯ್ದಾಗ, ತೋಟದ ಕೆಲಸಕ್ಕೆ ಬರುವ ಹಿರಿಯರು ಬಗ್ಗಿ ಹೆಬ್ಬೆರಳಿನಿಂದ ಕೊಯ್ದ ಮೈ ಸವರಿದರು. “ನೋಕ್ಕ್ ಮೋನೇ, ಕಣ್ಣಾಡಿ ಪೋಲೆ” ಎಂದರು. ನೋಡು ಮಗಾ, ಕನ್ನಡಿ ಹಾಗಿದೆ. ಆರು ವಾರಕ್ಕೆ ಆ ಬುಡದ ಸುತ್ತ ಹನ್ನೊಂದು ಚಿಗುರು ಎಣಿಸಿದೆ. ಎರಡನ್ನು ಉಳಿಸಿ ಮಿಕ್ಕವನ್ನು ಬೆರಳಿನಿಂದಲೇ ಚಿವುಟಿದೆ.