ಒಂದು ಹಲಸಿನ ಮಣೆಗಾಗಿ

ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಯಲ್ಲಿ ಡ್ರಿಲ್ ಕೊಳ್ಳಲು ನಿಂತಾಗ ನಾನು ಕೇಳುವುದು ಒಂದೇ: "ಇದನ್ನ ಒಂದ್ಸಲ ಪ್ಲಗ್‌ಗೆ ಹಾಕಿ ಕೊಡ್ತೀರಾ?" ಅಂಗಡಿಯವರು ಎಷ್ಟು ವಾಟ್ ಎಂದು ಹೇಳುತ್ತಾರೆ, ಗೋಡೆಗೂ ಆಗುತ್ತೆ ಮರಕ್ಕೂ ಆಗುತ್ತೆ ಸಾರ್ ಅನ್ನುತ್ತಾರೆ, ವಾರಂಟಿ ಕಾರ್ಡು ತೋರಿಸುತ್ತಾರೆ. ನಾನು ಗುಂಡಿಯ ಮೇಲೆ ತೋರುಬೆರಳಿಟ್ಟು, ಹಸುಗೂಸಿನ ಕೆನ್ನೆ ಮುಟ್ಟುವಷ್ಟೇ ಮೆಲ್ಲಗೆ ಒತ್ತುತ್ತೇನೆ. ಒಳ್ಳೆಯ ಯಂತ್ರವಾದರೆ ಚಕ್ ಆಗಲೇ ತಿರುಗತೊಡಗುತ್ತದೆ. ಬೀಸುಕಲ್ಲಿನ ಮೊದಲ ಸುತ್ತಿನ ಹಾಗೆ, ಎಣಿಸಬಹುದಾದಷ್ಟು ನಿಧಾನ. ಬೆರಳು ಆಳಕ್ಕಿಳಿದಷ್ಟೂ ಚುರುಕಾಗುತ್ತದೆ. ಕೆಲವು ಯಂತ್ರಗಳು ಅರ್ಧ ಗುಂಡಿಯವರೆಗೂ ಸುಮ್ಮನಿದ್ದು, ಆಮೇಲೆ ನಿದ್ದೆಯಲ್ಲಿ ಬೆಚ್ಚಿದವರಂತೆ ಒಮ್ಮೆಲೇ ಎಗರುತ್ತವೆ. ಎಷ್ಟೇ ವಾಟ್ ಇರಲಿ, ಅವನ್ನು ಅಲ್ಲೇ ಬಿಟ್ಟು ಬರುತ್ತೇನೆ. ವಿದ್ಯುತ್ ಉಪಕರಣದ ಸೊಗಸೆಲ್ಲ ಅದರ ನಿಧಾನದಲ್ಲಿದೆ ಎಂದು ನಾನು ನಂಬಿಬಿಟ್ಟಿದ್ದೇನೆ.

ಈ ನಂಬಿಕೆ ಹುಟ್ಟಿದ್ದು ಒಂದು ಮಣೆಯಿಂದ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಮಳೆಗಾಲದ ಗಾಳಿಗೆ ಒಂದು ಹಲಸಿನ ಮರ ಬಿತ್ತು. ಮಿಲ್ಲಿಗೆ ಕಳಿಸಿ ಒಂದೂವರೆ ಅಂಗುಲದ ಹಲಗೆಗಳಾಗಿ ಸೀಳಿಸಿ, ನಡುನಡುವೆ ರೀಪು ಕೊಟ್ಟು ಅಟ್ಟದಲ್ಲಿ ಪೇರಿಸಿದೆವು. ದಪ್ಪದ ಒಂದೊಂದು ಅಂಗುಲಕ್ಕೆ ಒಂದೊಂದು ವರ್ಷ ಒಣಗಬೇಕು ಎಂಬುದು ಮರಗೆಲಸದವರ ಲೆಕ್ಕ. ಎರಡು ವರ್ಷ ಕಾದು, ಒಂದು ಹಲಗೆಗೆ ಮಿಲ್ಲಿನಲ್ಲೇ ಹತ್ತರಿ ಹೊಡೆಸಿ ತಂದೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಕೆಳಗೆ ಎರಡು ಅಡ್ಡ ಕಾಲು, ಅಷ್ಟೇ ಮಣೆ. ಅದಕ್ಕೆ ಬೇಕಾದ ಉಪಕರಣಗಳನ್ನು ಬೇಕಾದ ದಿನವೇ ಒಂದೊಂದಾಗಿ ಕೊಂಡೆ. ಮನೆಯಲ್ಲಿ ಮರಗೆಲಸ ಶುರುಮಾಡುವವರು ಯಾರೇ ಕೇಳಲಿ, ನಾನು ಹೇಳುವುದೂ ಇದೇ ಕ್ರಮ. ಪೆಟ್ಟಿಗೆ ತುಂಬ ಉಪಕರಣ ತಂದಿಟ್ಟು ಕೆಲಸ ಹುಡುಕಬಾರದು.

ಮೂಲೆಗಳನ್ನು ದುಂಡಗೆ ಕೊಯ್ಯಲು ಜಿಗ್‌ಸಾ ಬೇಕಾಯಿತು. ಸ್ವಿಟ್ಜರ್ಲೆಂಡಿನ ಸ್ಕಿಂಟಿಲ್ಲಾ ಕಂಪನಿಯ ಎಂಜಿನಿಯರ್ ಆಲ್ಬರ್ಟ್ ಕೌಫ್‌ಮನ್ 1946ರಲ್ಲಿ ಹೆಂಡತಿಯ ಹೊಲಿಗೆ ಯಂತ್ರದ ಸೂಜಿ ತೆಗೆದು ಆ ಜಾಗಕ್ಕೆ ಗರಗಸದ ಅಲಗು ಸಿಕ್ಕಿಸಿದರಂತೆ. ಜಿಗ್‌ಸಾ ಹುಟ್ಟಿದ್ದು ಹಾಗೆ ಎನ್ನುತ್ತಾರೆ. ಕೈಯಲ್ಲಿ ಹಿಡಿದರೆ ಆ ಹೊಲಿಗೆಯ ಗುಣ ಇನ್ನೂ ಗೊತ್ತಾಗುತ್ತದೆ. ಅಲಗು ತನ್ನಪಾಡಿಗೆ ಮೇಲೆ ಕೆಳಗೆ ಆಡುತ್ತಿರುತ್ತದೆ, ನಮ್ಮ ಕೆಲಸ ಗೆರೆಯ ಮೇಲೆ ಸರಿಸುವುದು ಮಾತ್ರ. ಸಾಮಾನ್ಯ ಅಲಗಿನ ಹಲ್ಲು ಮೇಲ್ಮುಖವಾಗಿರುತ್ತದೆ, ಏಳುವಾಗ ಕೊಯ್ಯುತ್ತದೆ. ಹಾಗಾಗಿ ಸಿಬಿರು ಏಳುವುದು ಹಲಗೆಯ ಮೇಲ್ಮೈಯಲ್ಲಿ. ಚೆಂದದ ಮುಖವನ್ನು ಕೆಳಗೆ ಮಾಡಿ, ಗೆರೆಯನ್ನು ಹಿಂಬದಿಯಲ್ಲಿ ಎಳೆದುಕೊಂಡರೆ ಮುಖಕ್ಕೆ ಗಾಯವಾಗುವುದಿಲ್ಲ. ಅವಸರಪಟ್ಟು ದೂಡಿದರೆ ಅಲಗು ಮರದೊಳಗೇ ಬಾಗುತ್ತದೆ: ಮೇಲೆ ಗೆರೆಯ ಮೇಲೇ ಇದ್ದೇವೆ ಅಂದುಕೊಳ್ಳುತ್ತೇವೆ, ಕೆಳಗಡೆ ಅಂಚು ಓರೆಯಾಗಿರುತ್ತದೆ. ನನ್ನ ಮೊದಲ ಮೂಲೆ ಹಾಗೇ ಆಯಿತು. ಎರಡನೆಯದರಲ್ಲಿ ವೇಗ ಇಳಿಸಿ ಕಿವಿಗೊಟ್ಟೆ. ನೇರ ಎಳೆಯಲ್ಲಿ ಹಗುರಾದ ಗುಂಯ್ ದನಿ, ಗಂಟಿನ ಹತ್ತಿರ ಬಂದಾಗ ಅದು ಗಡಸಾಗಿ ತಗ್ಗುತ್ತದೆ. ಆ ತಗ್ಗಿಗೆ ಕೈಯೂ ತಗ್ಗಿದರೆ ಅಲಗು ಗಂಟನ್ನು ನೆಟ್ಟಗೆ ದಾಟಿಕೊಂಡು ಹೋಗುತ್ತದೆ.

ಡ್ರಿಲ್ಲಿಗೆ ವಯಸ್ಸು ಇನ್ನೂ ಹೆಚ್ಚು. ಕೈಯಲ್ಲಿ ಹಿಡಿಯುವ ವಿದ್ಯುತ್ ಬೈರಿಗೆಯನ್ನು 1895ರಲ್ಲಿ ಸ್ಟುಟ್‌ಗಾರ್ಟಿನ ಫೈನ್ ಕಂಪನಿ ಮಾಡಿತು. ಪಿಸ್ತೂಲಿನಂಥ ಹಿಡಿ, ಬೆರಳಿಗೆ ಸಿಗುವ ಗುಂಡಿ, ಈ ಎರಡನ್ನೂ ಡ್ರಿಲ್ಲಿಗೆ ತಂದು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಪೇಟೆಂಟ್ ಪಡೆದದ್ದು 1917ರಲ್ಲಿ. ಮರಕ್ಕೆ ನಡುವೆ ಮೊನೆಯಿರುವ ಬಿಟ್ ಕೊಳ್ಳಬೇಕು. ಪೆನ್ಸಿಲ್ ಗುರುತಿನ ಮೇಲೆ ಮೊನೆಯೂರಿ ಬೆರಳನ್ನು ಚೂರೇ ಒತ್ತಿದರೆ, ಮೊದಲು ಮೊನೆ ಕಚ್ಚುತ್ತದೆ, ಆಮೇಲೆ ಬಿಟ್ಟಿನ ಅಂಚು ಸುತ್ತಲೂ ಒಂದು ತೆಳು ಉಂಗುರ ಕೊರೆಯುತ್ತದೆ, ಅದಾದ ಮೇಲೆ ಹಳದಿ ಸುರುಳಿಗಳು ಚಕ್ಕುಲಿ ಒರಳಿನಿಂದ ಇಳಿದಂತೆ ಹೊರಬರುತ್ತವೆ. ಗುಂಡಿಯನ್ನು ಪೂರ್ತಿ ಅದುಮಿದವರಿಗೆ ಈ ಮೂರು ಹಂತ ಕಾಣಸಿಗುವುದೇ ಇಲ್ಲ.

ಕಾಲು ಕೂರಿಸುವಾಗ ಒಂದು ಸೂಕ್ಷ್ಮವಿದೆ. ಮಲೆನಾಡಿನ ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಮಾತ್ರ ಅಲುಗುವುದಿಲ್ಲ ಎನ್ನಬಹುದು. ಕಾಲನ್ನು ಅಡ್ಡಕ್ಕೆ ಬಿಗಿದು ಕಟ್ಟಿಹಾಕಿದರೆ ಒಂದಲ್ಲ ಒಂದು ವರ್ಷ ಮಣೆ ಸೀಳುತ್ತದೆ. ಅದಕ್ಕೇ ಕಾಲಿನಲ್ಲಿ ನಡುವಿನ ಸ್ಕ್ರೂಗೆ ಸರಿಯಾದ ತೂತು, ಎರಡು ತುದಿಯ ಸ್ಕ್ರೂಗಳಿಗೆ ಉದ್ದುದ್ದ ತೂತು. ಮರ ಉಸಿರಾಡಲು ಅಷ್ಟು ಜಾಗ ಸಾಕು. ಸ್ಕ್ರೂ ಬಿಗಿಯಲು ಬ್ಯಾಟರಿ ಡ್ರಿಲ್ಲಿನ ಕುತ್ತಿಗೆಯಲ್ಲಿ ಅಂಕಿಗಳಿರುವ ಬಳೆಯಿದೆಯಲ್ಲ, ಅದನ್ನು ಸಣ್ಣ ಅಂಕಿಗೆ ತಿರುಗಿಸಿಡುತ್ತೇನೆ. ಸ್ಕ್ರೂ ತಲೆ ಮರಕ್ಕೆ ತಾಗಿದ ಕೂಡಲೇ ಯಂತ್ರ ಟಕಟಕ ಎಂದು ಜಾರಿ, ಇನ್ನು ಸಾಕು ಅನ್ನುತ್ತದೆ. ನನಗೆ ಬಹಳ ಇಷ್ಟವಾದ ಸದ್ದು ಅದು. ನಮ್ಮೂರಿನಲ್ಲಿ ಮಳೆ ಶುರುವಾದರೆ ಕರೆಂಟಿನ ಭರವಸೆಯಿಲ್ಲ, ಡ್ರಿಲ್ ಮಟ್ಟಿಗೆ ಬ್ಯಾಟರಿಯದೇ ವಾಸಿ. 18 ವೋಲ್ಟ್ ಎಂದರೆ 3.6 ವೋಲ್ಟಿನ ಐದು ಸೆಲ್ಲುಗಳು. ಮಣೆ, ಶೆಲ್ಫು, ಸ್ಟೂಲಿನಂಥ ಮನೆಗೆಲಸಕ್ಕೆ ಹಗುರಾದ 12 ವೋಲ್ಟಿನದೇ ಸಾಕು, ಕೈ ಸೋಲುವುದಿಲ್ಲ.

ಅಂಚು ನಯಮಾಡಿದ್ದು ಟ್ರಿಮ್ಮರಿನಲ್ಲಿ. ನಿಮಿಷಕ್ಕೆ 30,000 ಸುತ್ತಿನವರೆಗೂ ಹೋಗುವ ಈ ಪುಟ್ಟ ಯಂತ್ರದಲ್ಲಿ ಮಾತ್ರ ನಿಧಾನದ ಲೆಕ್ಕ ಬೇರೆ: ಕೈ ಒಂದೇ ಕಡೆ ತಡೆದರೆ ಮರ ಸುಟ್ಟು ಕಂದು ಕಲೆ ಬೀಳುತ್ತದೆ. ಇಲ್ಲಿ ನಿಧಾನವನ್ನು ಆಳದಲ್ಲಿ ತೋರಿಸಬೇಕು, ಒಂದು ಸಲಕ್ಕೆ ಎರಡೇ ಮಿಲಿಮೀಟರ್, ಮೂರು ಸಲ. ಹೊರ ಅಂಚಿನಲ್ಲಿ ನಮಗೆದುರಾಗಿ ಎಡದಿಂದ ಬಲಕ್ಕೆ ನಡೆಸಬೇಕು. ಎಳೆ ಕತ್ತರಿಸಿದ ತುದಿಗಳನ್ನು ಮೊದಲು ಮುಗಿಸಿಕೊಂಡರೆ, ಅಲ್ಲಿ ಮೂಲೆ ಸಿಬಿರೆದ್ದರೂ ಉದ್ದನೆಯ ಬದಿ ಮಾಡುವಾಗ ಅಳಿಸಿಹೋಗುತ್ತದೆ.

ಇನ್ನು ಸ್ಯಾಂಡರ್. 125 ಮಿಲಿಮೀಟರ್ ಬಿಲ್ಲೆಯ ಈ ಯಂತ್ರದ ಮುಂದೆ ನಾನು ಇಡೀ ಮಧ್ಯಾಹ್ನ ಕೂರಬಲ್ಲೆ. ಬಿಲ್ಲೆ ಸುತ್ತುತ್ತಲೇ ಓಲಾಡುತ್ತದೆ, ಆದ್ದರಿಂದ ಉಪ್ಪುಕಾಗದದ ಒಂದು ಕಣ ನಡೆದ ದಾರಿಯಲ್ಲೇ ಮತ್ತೆ ನಡೆಯುವುದು ಅಪರೂಪ; ಗೀರು ಕಣ್ಣಿಗೆ ಬೀಳುವುದಿಲ್ಲ. ಒತ್ತಲೇಬಾರದು. ಒತ್ತಿದರೆ ಸುತ್ತು ನಿಂತು ಬರೀ ಓಲಾಟ ಉಳಿದು, ಮರದ ಮೇಲೆ ಸಣ್ಣ ಸಣ್ಣ ಸುಳಿಗಳು ಮೂಡುತ್ತವೆ. ಎಣ್ಣೆ ಹಚ್ಚಿದ ಮೇಲೆ ಅವು ಕಾಣುತ್ತವೆ, ಆಗ ತಡವಾಗಿರುತ್ತದೆ. ಯಂತ್ರದ ಸ್ವಂತ ಭಾರಕ್ಕೆ ಬಿಟ್ಟು, ಸೆಕೆಂಡಿಗೆ ಒಂದಂಗುಲದ ಹಾಗೆ ಸರಿಸುತ್ತೇನೆ. 80ರ ಕಾಗದಕ್ಕೆ ಮುಂಚೆ ಹಲಗೆಯ ತುಂಬ ಪೆನ್ಸಿಲ್ಲಿನಲ್ಲಿ ಗೀಚಿಕೊಳ್ಳುತ್ತೇನೆ. ಗೀಚು ಪೂರ್ತಿ ಹೋದರೆ ಇಡೀ ಮೈ ಉಜ್ಜಿದಂತಾಯಿತು. ಮತ್ತೆ ಗೀಚು, 120. ಮತ್ತೆ ಗೀಚು, 180. ಕಡೆಯದಕ್ಕೆ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮಲಗಿದ್ದ ನವಿರು ಎಳೆಗಳು ಎದ್ದು ನಿಲ್ಲುತ್ತವೆ, ಒಣಗಿದ ಮೇಲೆ ಅವನ್ನೂ ಸವರಿ ತೆಗೆಯಬಹುದು. ಹಲಸಿನ ಹೊಟ್ಟು ಅರಿಸಿನದಷ್ಟೇ ಹಳದಿ. ಅಂಗಿ, ಹುಬ್ಬು, ಜಗಲಿ ಎಲ್ಲ ಅದೇ ಬಣ್ಣ. ಆಗ್ನೇಯ ಏಷ್ಯಾದಲ್ಲಿ ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕಟ್ಟುತ್ತಿದ್ದದ್ದು ಇದೇ ಮರದ ಚಕ್ಕೆಗಳನ್ನು ಕುದಿಸಿ. ಆ ಹೊಟ್ಟು ಎಷ್ಟೇ ಚೆಂದವಿರಲಿ, ಮೂಗಿಗೆ ಎನ್95 ಮಾಸ್ಕ್ ಇಲ್ಲದೆ ಸ್ವಿಚ್ ಒತ್ತಬೇಡಿ. ಮರದ ಧೂಳು ಕ್ಯಾನ್ಸರ್ ತರುವಂಥದ್ದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಹೇಳಿದೆ.

ನಾನು ಮನೆಗೆ ತರದ ಒಂದು ಯಂತ್ರವಿದೆ. ಕಲ್ಲು ಕೊಯ್ಯುವ ನಾಲ್ಕಂಗುಲದ ಕಟರಿಗೆ ಮರದ ಬ್ಲೇಡ್ ಹಾಕಿ ಬಳಸುವುದನ್ನು ಎಲ್ಲ ಕಡೆ ನೋಡುತ್ತೇವೆ. ಹಲ್ಲು ಮರಕ್ಕೆ ಸಿಕ್ಕಿಕೊಂಡ ಗಳಿಗೆಯಲ್ಲಿ ಅದು ಹಿಂದಕ್ಕೆ ಎಗರುತ್ತದೆ, ಹಾಗೆ ಎಗರಿದ್ದನ್ನು ಒಮ್ಮೆ ಹತ್ತಿರದಿಂದ ಕಂಡಿದ್ದೇನೆ. ನೇರ ಕೊಯ್ತ ಬೇಕಾದರೆ ತಾನಾಗಿ ಮುಚ್ಚಿಕೊಳ್ಳುವ ಕವಚವಿರುವ, ಮರಕ್ಕೆಂದೇ ಮಾಡಿದ ಸರ್ಕ್ಯುಲರ್ ಸಾ ಕೊಳ್ಳಿ, ಇಲ್ಲವೇ ಮಿಲ್ಲಿಗೆ ಕೊಟ್ಟು ಕೊಯ್ಸಿ.

ಅಗಸೆ ಎಣ್ಣೆ ಬಟ್ಟೆಯಿಂದ ಮಣೆಯ ಮೇಲೆ ಹರಡಿದಾಗ ಹಳದಿಯೊಳಗಿಂದ ಜೇನಿನ ಬಣ್ಣ ಮೇಲೆ ಬಂತು, ಗಂಟಿನ ಸುತ್ತಲಿನ ಎಳೆ ನೀರಿನಲೆಯ ಹಾಗೆ ಬಿಚ್ಚಿಕೊಂಡಿತು. (ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು, ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ, ಹೊರಗೆ ಹರಡಿ ಒಣಗಿಸಬೇಕು.) ಪಕ್ಕದಲ್ಲಿ ಅಜ್ಜಿಯ ಮಣೆ ಇಟ್ಟು ನೋಡಿದೆ. ಅದೂ ಹಲಸೇ, ಬೆಳಕು ಕುಡಿದು ಕುಡಿದು ಹುಣಸೆ ಬೀಜದ ಬಣ್ಣಕ್ಕೆ ತಿರುಗಿದೆ. ಅದರಲ್ಲಿ ಒಂದೂ ಮೊಳೆಯಿಲ್ಲ. ಉಳಿಯಿಂದ ಗಾಡಿ ತೋಡಿ ಕಾಲನ್ನು ತೂರಿಸಿದ್ದಾರೆ.

ಊರಿನ ಆಚಾರ್ರಿಗೆ ತೋರಿಸಿದೆ. ಅವರು ಮೇಲ್ಮೈ ನೋಡಲೇ ಇಲ್ಲ, ಮಣೆಯನ್ನು ಬೋರಲು ಹಾಕಿ ಹೆಬ್ಬೆರಳಾಡಿಸಿದರು. "ಕೆಳಗೂ ಉಜ್ಜಿದೀರಲ್ಲ ಮೇಷ್ಟ್ರೇ" ಎಂದರು. ಆಮೇಲೆ ಡ್ರಿಲ್ಲಿನ ಕಡೆ ನೋಡಿದರು. "ಹಿಡೀರಿ ಆಚಾರ್ರೇ" ಎಂದು ಕೊಟ್ಟೆ. ಒಂದು ತುಂಡು ಹಲಗೆಯ ಮೇಲೆ ಮೊನೆಯೂರಿ, ಉಸಿರು ಹಿಡಿದು, ನಾನು ಎಂದೂ ಒತ್ತಿರದಷ್ಟು ಮೆಲ್ಲಗೆ ಗುಂಡಿ ಒತ್ತಿದರು. ಬಿಟ್ ಇನ್ನೇನು ನಿಂತೇಬಿಟ್ಟಿತು ಎನ್ನುವ ಹಾಗೆ ತಿರುಗಿತು. ಒಂದೇ ಒಂದು ಸುರುಳಿ, ಎಲ್ಲೂ ಹರಿಯದೆ, ಹೊರಗೆ ಬಂತು. ಯಂತ್ರ ಕೆಳಗಿಟ್ಟು, ಆ ಸುರುಳಿಯನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದರು.